ಹಿತ್ತಲ ಗಿಡವೂ ಕಂದಾಯದ ಲೆಕ್ಕವೂ: ಹಲವಾಗಲು ಸೀಮೆಯ ಮಜ್ಜನಸಾಮಗ್ರಿಯನ್ನು ಕುರಿತು ಕೆಲವು ವಿಚಾರಗಳು

ನಮ್ಮ ನಾಡಿನ ಒಕ್ಕಲುತನದ ಚರಿತ್ರೆಯನ್ನು ಬರೆದ ವಿದ್ವಾಂಸರು ಗದ್ದೆ, ಬೆದ್ದಲು, ತೋಟ ಈ ಮೂರನ್ನು ಕುರಿತು ವಿಸ್ತಾರವಾಗಿ ವಿಚಾರ ಮಾಡಿದ್ದಾರೆ. ಶಾಸನಗಳಲ್ಲಿ ದತ್ತಿಯಾಗಿ ಬಿಟ್ಟ ಭೂಮಿ ಹೆಚ್ಚಾಗಿ ಈ ಮೂರು ಬಗೆಯದು. ಕುಂಪಣಿ ಸರ್ಕಾರದ ಲೆಕ್ಕದಲ್ಲಿ ಕಂದಾಯಕ್ಕೆ ಒಳಪಟ್ಟ ಭೂಮಿಯೂ ಈ ಮೂರು ಬಗೆಯದೇ. ಆದರೆ ಮನೆಯ ಹಿಂದಣ ಹಿತ್ತಲೆಂಬ ನಾಲ್ಕನೆಯ ನೆಲವೊಂದುಂಟು. ಅಲ್ಲಿ ಏನು ಬೆಳೆಯುತ್ತಿದ್ದರು, ಯಾರು ಬೆಳೆಯುತ್ತಿದ್ದರು, ಬೆಳೆದುದನ್ನು ಏನು ಮಾಡುತ್ತಿದ್ದರು ಎಂಬ ಪ್ರಶ್ನೆಗಳನ್ನು ಕೇಳಿದವರು ವಿರಳ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ವೈದ್ಯರಿಗಿಂತ ಚರಿತ್ರಕಾರರೇ ಹೆಚ್ಚು ನಂಬಿದಂತೆ ಕಾಣುತ್ತದೆ. ಹರಪನಹಳ್ಳಿ ತಾಲ್ಲೂಕಿನ ಹಲವಾಗಲನ್ನೂ ಅದರ ಸುತ್ತಣ ಸೀಮೆಯನ್ನೂ ಎದುರಿಗಿಟ್ಟುಕೊಂಡು, ಮೈ ಮತ್ತು ತಲೆಯನ್ನು ತೊಳೆಯಲು ಜನರು ಬಳಸುತ್ತಿದ್ದ ಗಿಡಗಳ ವಿಷಯವನ್ನು ಇಲ್ಲಿ ವಿಚಾರಿಸಲಾಗಿದೆ. ವಿಷಯವು ಅಲ್ಪವೆಂದು ತೋರಬಹುದು. ಆದರೆ ದಾಖಲೆಯಲ್ಲಿಲ್ಲದುದು ಜೀವನದಲ್ಲಿಯೂ ಇರಲಿಲ್ಲವೆಂದು ತೀರ್ಮಾನಿಸುವ ಅಭ್ಯಾಸ ನಮ್ಮಲ್ಲಿ ಎಷ್ಟು ಬೇರೂರಿದೆಯೆಂಬುದನ್ನು ಪರೀಕ್ಷಿಸಲು ಇದಕ್ಕಿಂತ ಸಮೀಪದ ಉದಾಹರಣೆ ನನಗೆ ದೊರೆತಿಲ್ಲ.

ಹಲವಾಗಲು ಗ್ರಾಮವು ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿ, ತುಂಗಭದ್ರೆಯ ಬಲದಂಡೆಯ ಸಮೀಪದಲ್ಲಿದೆ. ಹರಪನಹಳ್ಳಿಯ ಪಾಳೆಯಗಾರರ ಆಳ್ವಿಕೆಗೆ ಒಳಪಟ್ಟಿದ್ದ ಈ ಸೀಮೆ 1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ದತ್ತಮಂಡಲದೊಂದಿಗೆ ಕುಂಪಣಿಯ ವಶವಾಯಿತು. ಅನಂತರ ಬಳ್ಳಾರಿ ಜಿಲ್ಲೆಯ ಭಾಗವಾಗಿ ಮದ್ರಾಸಿಗೆ ಸೇರಿತ್ತು. ನದಿಯ ಆಚೆಯ ದಂಡೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ದಕ್ಷಿಣದ ಹರಿಹರ, ದಾವಣಗೆರೆಗಳು ಮೈಸೂರು ಸಂಸ್ಥಾನ. ಹೀಗೆ ಒಂದೇ ಹೊಳೆಯ ನೀರಿನಲ್ಲಿ ಬಟ್ಟೆ ಒಗೆಯುತ್ತಿದ್ದ ಜನ ಮೂರು ಸರ್ಕಾರಗಳ ಪ್ರಜೆಗಳಾಗಿದ್ದರು. 1953ರಲ್ಲಿ ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಬಂದವು. ಹರಪನಹಳ್ಳಿಯು 1997ರಲ್ಲಿ ದಾವಣಗೆರೆ ಜಿಲ್ಲೆಗೂ, 2018ರಲ್ಲಿ ಮತ್ತೆ ಬಳ್ಳಾರಿಗೂ, 2021ರಲ್ಲಿ ಹೊಸದಾಗಿ ರಚಿತವಾದ ವಿಜಯನಗರ ಜಿಲ್ಲೆಗೂ ಸೇರಿತು. ಈ ಅಲೆದಾಟದ ಫಲವಾಗಿ, ಈ ತಾಲ್ಲೂಕಿನ ಚರಿತ್ರೆಯನ್ನು ಅರಸುವವನು ಒಂದೇ ಕಚೇರಿಯ ಕಾಗದಪತ್ರಗಳನ್ನು ನೆಚ್ಚಿ ಕುಳಿತಿರುವಂತಿಲ್ಲ.

ಆ ಕಾಗದಪತ್ರಗಳ ಸ್ವಭಾವವನ್ನು ಮೊದಲು ತಿಳಿಯಬೇಕು. 1800ರಿಂದ 1807ರವರೆಗೆ ದತ್ತಮಂಡಲದ ಪ್ರಧಾನ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಹೊಲಗಳನ್ನು ಅಳೆಯಿಸಿ, ಒಬ್ಬೊಬ್ಬ ರೈತನೊಡನೆಯೂ ನೇರವಾಗಿ ಕಂದಾಯವನ್ನು ಗೊತ್ತುಮಾಡುವ ರೈತವಾರಿ ಪದ್ಧತಿಗೆ ಇಲ್ಲಿಯೇ ಭದ್ರವಾದ ತಳಹದಿಯನ್ನು ಹಾಕಿದನು. ಖುಷ್ಕಿ, ತರಿ, ಬಾಗಾಯತು ಎಂಬ ವಿಂಗಡಣೆಯಲ್ಲಿ ಒಂದೊಂದು ತುಂಡು ನೆಲಕ್ಕೂ ಅಂಕೆ ಬಿದ್ದಿತು. ಮನೆಗಳು ನಿಂತಿರುವ ಊರಿನ ನಿವೇಶನದ ನೆಲವಾದರೋ ಸಾಮಾನ್ಯವಾಗಿ ಕಂದಾಯದ ಹೊರಗೆ ಉಳಿಯಿತು. ಹಿತ್ತಲು ಈ ನಿವೇಶನದೊಳಗಿನದು. ಕರವಿಲ್ಲದ ಕಡೆ ಲೆಕ್ಕವಿಲ್ಲ, ಲೆಕ್ಕವಿಲ್ಲದ ಕಡೆ ಬರವಣಿಗೆಯೂ ಇಲ್ಲ. 1872ರಲ್ಲಿ ಕೆಲ್ಸಾಲನು ಬರೆದ ಬಳ್ಳಾರಿ ಜಿಲ್ಲೆಯ ಕೈಪಿಡಿ, 1904ರಲ್ಲಿ ಡಬ್ಲ್ಯು. ಫ್ರಾನ್ಸಿಸನು ಸಿದ್ಧಪಡಿಸಿದ ಗ್ಯಾಸೆಟಿಯರು ಇವೆರಡೂ ಬೆಲೆಯುಳ್ಳ ಗ್ರಂಥಗಳೇ. ಜೋಳ, ಹತ್ತಿ, ಕೆರೆ, ಬರಗಾಲ, ಕಂದಾಯಗಳನ್ನು ಕುರಿತು ಅವುಗಳಿಂದ ನಾವು ಕಲಿಯಬೇಕಾದುದು ಇಂದಿಗೂ ಬೇಕಾದಷ್ಟಿದೆ. ಆದರೆ ಅವು ಆಡಳಿತದ ಪ್ರಶ್ನೆಗಳಿಗೆ ಉತ್ತರ ಕೊಡಲು ಹುಟ್ಟಿದ ಗ್ರಂಥಗಳು. ಮನೆಯ ಹೆಂಗಸು ಬಚ್ಚಲಿನ ಹಿಂದೆ ನೆಟ್ಟ ಗಿಡವು ಆಡಳಿತದ ಪ್ರಶ್ನೆಯಾಗಿರಲಿಲ್ಲ.

ಇದಕ್ಕೆ ಪ್ರತಿಯಾಗಿ ನೆರೆಯ ಹೂವಿನ ಹಡಗಲಿಯನ್ನು ನೋಡಬಹುದು. ಅಲ್ಲಿಯ ಮಲ್ಲಿಗೆ ಮಾರಾಟಕ್ಕೆ ಹೋದ ಹೂವು. ವಿಜಯನಗರದ ಅರಸರಿಗೆ ಅಲ್ಲಿಂದ ಹೂ ಹೋಗುತ್ತಿತ್ತೆಂಬ ಐತಿಹ್ಯವಿದೆ, ಊರಿನ ಹೆಸರಿನಲ್ಲಿಯೇ ಹೂ ಸೇರಿಕೊಂಡಿದೆ. ಮಾರಿದ ಹೂವಿಗೆ ಊರಿನ ಹೆಸರಾಗುವ ಯೋಗ ಬಂದಿತು. ಮಾರದ ಸೊಪ್ಪಿಗೆ ಲೆಕ್ಕದಲ್ಲಿ ಒಂದು ಸಾಲೂ ಇಲ್ಲ.

ಪ್ರಾಚೀನ ಗ್ರಂಥಗಳಲ್ಲಿ ಈ ವಿಷಯಕ್ಕೆ ಆಧಾರಗಳಿಲ್ಲವೆಂದಲ್ಲ. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿಯೂ ಯಾಜ್ಞವಲ್ಕ್ಯಸ್ಮೃತಿಯ ದ್ರವ್ಯಶುದ್ಧಿ ಪ್ರಕರಣದಲ್ಲಿಯೂ ಯಾವ ಬಟ್ಟೆಯನ್ನು ಯಾವುದರಿಂದ ತೊಳೆಯಬೇಕೆಂಬ ವಿಧಿಯುಂಟು. ರೇಷ್ಮೆಗೂ ಕುರಿಯ ಉಣ್ಣೆಗೂ ಊಷ ಅಥವಾ ಚೌಳು ಮಣ್ಣು. ಕುತಪಕ್ಕೆ ಅರಿಷ್ಟ ಅಥವಾ ಅಂಟುವಾಳದ ಕಾಯಿ. ನವುರಾದ ಅಂಶುಪಟ್ಟಕ್ಕೆ ಬಿಲ್ವದ ಕಾಯಿ. ನಾರುಬಟ್ಟೆಗೆ ಬಿಳಿಯ ಸಾಸಿವೆ. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ಪ್ರಖ್ಯಾತ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಕಲ್ಯಾಣದಲ್ಲಿದ್ದವನಾದುದರಿಂದ, ಈ ವಿಧಿಗಳು ನಮ್ಮ ನಾಡಿಗೆ ಪರಕೀಯವಲ್ಲ. ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ನಮ್ಮ ಭಾಗದಲ್ಲಿ ಕುರುಬರು ನೇಯುವ ಕಂಬಳಿ ಪ್ರಸಿದ್ಧವಾದುದರಿಂದ, ಸ್ಮೃತಿಯ ಕುತಪವೇ ಈ ಕಂಬಳಿ, ಅದನ್ನು ಅಂಟುವಾಳದಿಂದ ತೊಳೆಯುತ್ತಿದ್ದರು ಎಂದು ಒಮ್ಮೆಗೇ ಹೇಳಿಬಿಡುವ ಆಸೆ ಯಾರಿಗಾದರೂ ಆದೀತು. ಆದರೆ ವ್ಯಾಖ್ಯಾನಕಾರರು ಕುತಪವನ್ನು ಬೆಟ್ಟದ ಮೇಕೆಯ ರೋಮದ ಕಂಬಳಿಯೆಂದು ಅರ್ಥೈಸುತ್ತಾರೆ. ನಮ್ಮ ಕಂಬಳಿ ಕುರಿಯ ಉಣ್ಣೆಯದು. ಸ್ಮೃತಿಯ ಪ್ರಕಾರ ಅದಕ್ಕೆ ವಿಹಿತವಾದುದು ಚೌಳು ಮಣ್ಣೇ ಹೊರತು ಅಂಟುವಾಳವಲ್ಲ. ಚೌಳು ಈ ಸೀಮೆಯ ನೆಲದಲ್ಲಿ ತಾನಾಗಿಯೇ ಹೂತು ಮೇಲೇಳುವ ವಸ್ತುವಾದುದರಿಂದ, ಮಡಿವಾಳರ ಕಾಯಕಕ್ಕೆ ಅದೇ ಮುಖ್ಯ ಸಾಮಗ್ರಿಯಾಗಿತ್ತು. ಬಟ್ಟೆಯನ್ನು ಚೌಳಿನಲ್ಲಿ ಅದ್ದಿ, ಉಬ್ಬೆಗೆ ಹಾಕಿ, ಹಬೆಯಲ್ಲಿ ಬೇಯಿಸಿ, ಹೊಳೆಯ ಬಂಡೆಯ ಮೇಲೆ ಒಗೆಯುವ ಕ್ರಮ ತಲೆಮಾರುಗಳ ಅನುಭವದಿಂದ ರೂಪುಗೊಂಡುದು.

ಚಾವುಂಡರಾಯನ ಲೋಕೋಪಕಾರದಲ್ಲಿ (1025) ವೃಕ್ಷಾಯುರ್ವೇದವೂ ಗಂಧಯುಕ್ತಿಯೂ ಉಂಟು. ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ (1129) ಸ್ನಾನಭೋಗವೆಂಬ ಪ್ರಕರಣವೇ ಇದೆ. ಸುವಾಸಿತವಾದ ತೈಲ, ಮರ್ದನ ಮೊದಲಾದುವುಗಳ ವರ್ಣನೆ ಅಲ್ಲಿ ದೊರೆಯುತ್ತದೆ. ಅದು ಅರಸನ ಮಜ್ಜನ. ಒಕ್ಕಲಿಗನ ಹೆಂಡತಿ ವಾರಕ್ಕೊಮ್ಮೆ ತಲೆಗೆ ಎರೆದುಕೊಳ್ಳುತ್ತಿದ್ದ ನೀರಿನ ವಿಷಯವನ್ನು ಅದರಿಂದ ಊಹಿಸಲು ಬಾರದು.

ಆದುದರಿಂದ ಗಿಡಗಳನ್ನೇ ಸಾಕ್ಷಿಯಾಗಿ ವಿಚಾರಿಸುವುದು ಉಳಿದಿರುವ ದಾರಿ. ತೊಳೆಯುವ ಗಿಡಗಳಲ್ಲಿ ಎರಡು ಜಾತಿ. ಮೊದಲನೆಯದು ನೊರೆಯ ಜಾತಿ. ಸೀಗೆಕಾಯಿಯೂ ಅಂಟುವಾಳವೂ ಇದಕ್ಕೆ ಸೇರಿದುವು. ಇವುಗಳಲ್ಲಿರುವ ಸಪೋನಿನ್ ಎಂಬ ಅಂಶವು ನೀರಿನಲ್ಲಿ ನೊರೆಗಟ್ಟಿ ಜಿಡ್ಡನ್ನು ಬಿಡಿಸುತ್ತದೆ. ಅಂಟುವಾಳದ ಕುಲಕ್ಕೆ ಯುರೋಪಿನ ಸಸ್ಯಶಾಸ್ತ್ರಜ್ಞರು ಕೊಟ್ಟ ಸಪಿಂಡಸ್ ಎಂಬ ಹೆಸರಿನ ಅರ್ಥವೇ ಇಂಡಿಯಾದ ಸಾಬೂನು ಎಂದು. ಇದರ ಬೀಜ ಕಲ್ಲಿನಷ್ಟು ಗಟ್ಟಿ. ನೆಟ್ಟವನು ಕಾಯಿಗಾಗಿ ಅನೇಕ ವರ್ಷ ಕಾಯಬೇಕು. ರೇಷ್ಮೆಯ ಸೀರೆಗೂ ಅಕ್ಕಸಾಲಿಗನ ಒಡವೆಗೂ ಇದರ ಸಿಪ್ಪೆಯ ನೀರು ಹಿತವಾದುದು. ಸೀಗೆಯು ಮುಳ್ಳಿನ ದೊಡ್ಡ ಬಳ್ಳಿ. ತೇವವುಳ್ಳ ಕಾಡುಗಳಲ್ಲಿ ಹುಲುಸಾಗಿ ಹಬ್ಬುವುದು. ಹಲವಾಗಲಿನಂಥ ಬಯಲುಸೀಮೆಯ ಮನೆಗೆ ಅದು ಸಂತೆಯಿಂದ ಬರಬೇಕಾದ ಸರಕು. ಕಾಡಿನ ಉತ್ಪನ್ನವಾದುದರಿಂದ 1882ರ ಮದ್ರಾಸು ಅರಣ್ಯ ಕಾಯಿದೆಯ ಅನಂತರ ಇಂಥ ಕಾಯಿಗಳನ್ನು ಆಯುವುದಕ್ಕೆ ಗುತ್ತಿಗೆ, ಪರವಾನಗಿಗಳು ಬಂದವು. ಅದರೊಡನೆ ದಾಖಲೆಯೂ ಬಂದಿತು. ಸೀಗೆಗೆ ಸರ್ಕಾರಿ ಕಾಗದದಲ್ಲಿ ಚರಿತ್ರೆಯಿರುವುದು ಈ ಕಾರಣದಿಂದ.

ಇದೇ ಜಾತಿಗೆ ಸೇರಿದ, ಆದರೆ ಕಾಸು ಬೇಡದ ಮರವೊಂದು ಈ ಸೀಮೆಯದೇ ಉಂಟು. ಬಳ್ಳಾರಿ, ಚಿತ್ರದುರ್ಗಗಳ ಕುರುಚಲು ಕಾಡಿನಲ್ಲಿಯೂ ಹೊಲದ ಬದುಗಳಲ್ಲಿಯೂ ಕಾಣುವ ತುಗ್ಗಲಿಯೇ ಅದು. ಹಳೆಯ ಮೈಸೂರಿನ ಕಡೆ ಚುಜ್ಜಲು, ಸುಜ್ಜಲು ಎಂದೂ ತಮಿಳಿನಲ್ಲಿ ಅರಪ್ಪು ಎಂದೂ ಕರೆಯುತ್ತಾರೆ. ಸಸ್ಯಶಾಸ್ತ್ರದಲ್ಲಿ ಆಲ್ಬಿಝಿಯಾ ಅಮಾರ. ಇದರ ಸಣ್ಣ ಎಲೆಗಳನ್ನು ನೆರಳಿನಲ್ಲಿ ಒಣಗಿಸಿ, ಕುಟ್ಟಿ, ಜರಡಿ ಹಿಡಿದ ಹಸುರು ಪುಡಿಯು ಎಣ್ಣೆಯನ್ನು ಚೆನ್ನಾಗಿ ತೆಗೆಯುತ್ತದೆ. ಕಣ್ಣಿಗೆ ಬಿದ್ದರೆ ಉರಿಯುವುದೇ ಅದರ ದೋಷ. ಸೀಗೆ ಕೊಳ್ಳಲಾರದವರ ಸೀಗೆ ಇದು.

ಎರಡನೆಯದು ಲೋಳೆಯ ಜಾತಿ. ಇದರಲ್ಲಿ ದಾಸವಾಳವೇ ಮುಖ್ಯ. ಹಿತ್ತಲಿನ ಗಿಡವೆಂಬ ಹೆಸರಿಗೆ ನಿಜವಾಗಿ ತಕ್ಕುದು ಇದೊಂದೇ ಎಂದರೂ ಸಲ್ಲುತ್ತದೆ. ಒಂದೆರಡು ಹಿಡಿ ಎಲೆಗಳನ್ನು ಕಲ್ಲಿನ ಮೇಲೆ ಜಜ್ಜಿ, ನೀರಿನಲ್ಲಿ ಕಿವುಚಿ, ಬಟ್ಟೆಯಲ್ಲಿ ಸೋಸಿದರೆ ಹಸುರಾದ ಲೋಳೆ ಬರುತ್ತದೆ. ಇದರಲ್ಲಿ ನೊರೆ ಕಡಮೆ. ಇದು ಎಣ್ಣೆಯನ್ನು ಪೂರ್ತಿಯಾಗಿ ಕಿತ್ತು ತೆಗೆಯದೆ, ಕೂದಲನ್ನು ನುಣುಪಾಗಿ ಉಳಿಸಿ, ಧೂಳನ್ನು ಮಾತ್ರ ಜಾರಿಸುತ್ತದೆ. ಎಳೆಯ ಮಕ್ಕಳ ತಲೆಗೆ ಸೀಗೆಯ ಉರಿ ಬೇಡವೆನ್ನುವ ಮನೆಗಳಲ್ಲಿ ಈ ಲೋಳೆಯನ್ನೋ ಹೆಸರುಹಿಟ್ಟನ್ನೋ ಬಳಸುವುದು ವಾಡಿಕೆ. ಒಂಟಿಸುತ್ತಿನ ಕೆಂಪು ಹೂವಿನ ಗಿಡದ ಎಲೆಯೇ ಉತ್ತಮವೆಂದು ತಿಳಿದವರು ಹೇಳುತ್ತಾರೆ.

ದಾಸವಾಳವನ್ನು ಬೆಳೆಯುವ ರೀತಿಯಲ್ಲಿ ಚರಿತ್ರಕಾರನು ಗಮನಿಸಬೇಕಾದ ಎರಡು ಸಂಗತಿಗಳಿವೆ. ಒಂದನೆಯದು ಅದರ ಸ್ಥಳ. ಅದನ್ನು ಬಚ್ಚಲಿನ ನೀರು ಹರಿದುಹೋಗುವ ಕಾಲುವೆಯ ಬದಿಯಲ್ಲಿ ನೆಡುತ್ತಾರೆ. ಮಳೆ ಕಡಮೆಯಾದ, ನೀರನ್ನು ತಲೆಯ ಮೇಲೆ ಹೊತ್ತು ತರಬೇಕಾದ ಊರಿನಲ್ಲಿ ಗಿಡಕ್ಕೆಂದು ಬೇರೆ ನೀರು ಹೊಯ್ಯುವುದು ದುಬಾರಿ. ಆದುದರಿಂದ ಮಿಂದ ನೀರೇ ಗಿಡವನ್ನು ಬೆಳೆಸಿ, ಆ ಗಿಡವೇ ಮರುವಾರದ ಮೀಯುವಿಕೆಗೆ ಎಲೆಯನ್ನು ಕೊಡುತ್ತಿತ್ತು. ಗೃಹಕೃತ್ಯದ ಈ ಜಾಣತನವನ್ನು ಯಾವ ಕೃಷಿಗ್ರಂಥವೂ ಕಲಿಸಲಿಲ್ಲ. ಎರಡನೆಯ ಸಂಗತಿ ಇನ್ನೂ ಮುಖ್ಯ. ನಮ್ಮ ಹಿತ್ತಲುಗಳ ದಾಸವಾಳ ಬೀಜಕಟ್ಟುವುದು ಅಪರೂಪ. ಮುಂಗಾರಿನ ಮೊದಲಲ್ಲಿ, ಬಲಿತ ಕೊಂಬೆಯಿಂದ ಗೇಣುದ್ದದ ಕಡ್ಡಿಯನ್ನು ಓರೆಯಾಗಿ ಕತ್ತರಿಸಿ, ಕೆಳಗಣ ಎಲೆಗಳನ್ನು ಕಿತ್ತು, ಹಸಿಮಣ್ಣಿನಲ್ಲಿ ನೆಟ್ಟರೆ ಕೆಲವು ವಾರಗಳಲ್ಲಿ ಬೇರು ಬಿಡುತ್ತದೆ. ಎಂದರೆ ಒಂದು ಹಿತ್ತಲಿನ ದಾಸವಾಳವು ಬಹುಮಟ್ಟಿಗೆ ಮತ್ತೊಂದು ಹಿತ್ತಲಿನ ದಾಸವಾಳದ ಕೊಂಬೆಯೇ. ಯಾರೋ ಕೇಳಿದ್ದಾರೆ, ಯಾರೋ ಮುರಿದು ಕೊಟ್ಟಿದ್ದಾರೆ. ತವರಿನಿಂದ ಬರುವಾಗ ಒದ್ದೆಯ ಬಟ್ಟೆಯಲ್ಲಿ ಸುತ್ತಿಕೊಂಡು ಬಂದ ಕಡ್ಡಿಯು ಅತ್ತೆಯ ಮನೆಯ ಹಿತ್ತಲಲ್ಲಿ ಚಿಗುರುವುದು ನಮ್ಮ ಹಳ್ಳಿಗಳಲ್ಲಿ ಹೊಸ ಮಾತಲ್ಲ. ಈ ಗಿಡದ ಮೂಲ ನಮ್ಮ ಕುರುಚಲು ಕಾಡಲ್ಲ, ಪೂರ್ವದೇಶಗಳು. ಲಿನೀಯಸನು 1753ರಲ್ಲಿ ಅದಕ್ಕೆ ಚೀನದ ಗುಲಾಬಿಯೆಂಬ ಅರ್ಥದ ಹೆಸರನ್ನೇ ಇಟ್ಟನು. ಅಷ್ಟು ದೂರದಿಂದ ಹೊರಟದ್ದು ತುಂಗಭದ್ರೆಯ ದಂಡೆಯ ಬಚ್ಚಲನ್ನು ಕೈಯಿಂದ ಕೈಗೆ ದಾಟಿಯೇ ಮುಟ್ಟಿರಬೇಕು. ಹೆಂಗಸರ ನಡುವಣ ಕೊಡುಕೊಳೆಗೆ ಕರಣಿಕನ ಕಡತವಿರಲಿಲ್ಲ, ಗಿಡವಂತೂ ಉಳಿದಿದೆ.

ನೀರಿನ ಗುಣವನ್ನೂ ಇಲ್ಲಿ ಎಣಿಕೆಗೆ ತರಬೇಕು. ಸುಣ್ಣದ ಅಂಶ ಹೆಚ್ಚಾಗಿರುವ ಬಾವಿಯ ಗಡಸುನೀರಿನಲ್ಲಿ ಸಾಬೂನು ನೊರೆ ಬಿಡದು. ಬೆಳ್ಳಗೆ ಗಸಿಗಟ್ಟಿ ಕೂದಲಿಗೂ ಬಟ್ಟೆಗೂ ಅಂಟಿಕೊಳ್ಳುತ್ತದೆ. ಸೀಗೆ, ಅಂಟುವಾಳ, ತುಗ್ಗಲಿಗಳಿಗೆ ಈ ತೊಂದರೆ ಅಷ್ಟಾಗಿ ಇಲ್ಲ. ಹೊಳೆಯ ನೀರು ಬಾವಿಯ ನೀರಿಗಿಂತ ಸಾಮಾನ್ಯವಾಗಿ ಮೆದು. ಹಾಗಿರುವಲ್ಲಿ ಹಲವಾಗಲಿನಂಥ ಹೊಳೆಸಾಲಿನ ಊರುಗಳು ಸಾಬೂನಿಗೆ ಬೇಗ ಒಗ್ಗಿಕೊಂಡು, ಒಳನಾಡಿನ ಬಾವಿಯೂರುಗಳು ಪುಡಿ, ಲೋಳೆಗಳನ್ನು ಹೆಚ್ಚು ಕಾಲ ಉಳಿಸಿಕೊಂಡಿರಬಹುದೆಂದು ನನ್ನ ಊಹೆ. ಹಳಬರು ಹೊಸದನ್ನು ಒಲ್ಲದೆ ಹೋದರೆಂಬ ಸಾಮಾನ್ಯವಾದ ವಿವರಣೆಗಿಂತ ಬಾವಿಯ ನೀರಿನ ರುಚಿಯೇ ಉತ್ತಮ ವಿವರಣೆಯೆಂದು ಹೇಳಲು ನನಗೆ ಸಂಕೋಚವಿಲ್ಲ.

ಹಿತ್ತಲನ್ನು ಹೊಗಳುವವರು ಮರೆಯುವ ಮಾತೊಂದುಂಟು. ಎಲ್ಲರಿಗೂ ಹಿತ್ತಲಿರಲಿಲ್ಲ. ಗಿಡ ಬೆಳೆಯಲು ಮನೆಯ ಹಿಂದೆ ನೆಲ ಬೇಕು, ಬಚ್ಚಲು ಬೇಕು, ಬಚ್ಚಲಿಗೆ ನೀರು ಬೇಕು. ಊರ ಬಾವಿಯನ್ನು ಮುಟ್ಟುವ ಹಕ್ಕಿಲ್ಲದ ಕೇರಿಯ ಜನರಿಗೆ, ಒಂದಕ್ಕೊಂದು ತಾಗಿದ ಗುಡಿಸಲುಗಳಲ್ಲಿ ಬಾಳಿದವರಿಗೆ, ದಾಸವಾಳದ ಲೋಳೆಯೂ ಒಂದು ಬಗೆಯ ಸಿರಿತನವೇ ಆಗಿತ್ತು. ಅವರ ಪಾಲಿಗೆ ಒಲೆಯ ಬೂದಿ, ಚೌಳು ಮಣ್ಣು, ಬದುವಿನ ತುಗ್ಗಲಿ. 1876–78ರ ಮಹಾಕ್ಷಾಮವು ಬಳ್ಳಾರಿ ಜಿಲ್ಲೆಯನ್ನು ಘೋರವಾಗಿ ಪೀಡಿಸಿದಾಗ ತಲೆಗೆ ಎಣ್ಣೆಯ ಮಾತಿರಲಿ, ಕುಡಿಯುವ ನೀರಿಗೂ ಜನ ಅಲೆದರು. ಚೊಕ್ಕಟತನವನ್ನು ಜಾತಿಯ ಗುಣವೆಂದು ಎಣಿಸುತ್ತಿದ್ದ ಸಮಾಜವು ಚೊಕ್ಕಟವಾಗಿರಲು ಬೇಕಾದ ನೀರನ್ನೂ ನೆಲವನ್ನೂ ಹೇಗೆ ಹಂಚಿತ್ತೆಂಬುದನ್ನು ಬಿಟ್ಟು ಈ ಚರಿತ್ರೆಯನ್ನು ಬರೆದರೆ ಅದು ಅರ್ಧ ಚರಿತ್ರೆ. ಮಡಿವಾಳ ಮಾಚಿದೇವನಂಥ ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಒಗೆಯುವ ಕಾಯಕಕ್ಕೆ ಗೌರವವನ್ನು ತಂದರು. ಆದರೂ ಊರಿನ ಕೊಳೆಯನ್ನು ತೊಳೆದವರು ಊರಿನ ಅಂಚಿನಲ್ಲಿಯೇ ಉಳಿದರು.

ಸಾಬೂನಿನ ಆಗಮನವನ್ನು ವಿಸ್ತರಿಸಬೇಕಾಗಿಲ್ಲ. ಅದಕ್ಕೆ ಕಂಪನಿಗಳ ದಾಖಲೆಗಳೇ ಸಾಕಷ್ಟಿವೆ. 1888ರಲ್ಲಿ ಸನ್‌ಲೈಟ್ ಸಾಬೂನು ಕಲ್ಕತ್ತೆಯ ಬಂದರಿಗೆ ಬಂದಿತು. 1918ರಲ್ಲಿ ಮೈಸೂರು ಸರ್ಕಾರದ ಸಾಬೂನು ಕಾರ್ಖಾನೆ ಬೆಂಗಳೂರಿನಲ್ಲಿ ಆರಂಭವಾಯಿತು. ಅದರ ಗಂಧದ ಸಾಬೂನು ಹರಪನಹಳ್ಳಿಯ ಅಂಗಡಿಗೆ ಬಂದಿದ್ದರೆ ಅದು ಪರರಾಜ್ಯದ ಸರಕು. 1959ರಲ್ಲಿ ಸರ್ಫ್, 1969ರಲ್ಲಿ ನಿರ್ಮಾ ಪುಡಿಗಳು ಹುಟ್ಟಿದುವು. 1980ರ ದಶಕದಲ್ಲಿ ಶಾಂಪೂ ಸಣ್ಣ ಚೀಟಿಗಳಲ್ಲಿ ಹಳ್ಳಿಯ ಅಂಗಡಿಯನ್ನು ಸೇರಿತು. ವಿನೋದವೆಂದರೆ ಶಾಂಪೂ ಎಂಬ ಮಾತೇ ನಮ್ಮ ದೇಶದ್ದು: ಒತ್ತು, ತಿಕ್ಕು ಎಂಬರ್ಥದ ಹಿಂದೂಸ್ತಾನಿ ಮಾತಿನಿಂದ ಬಂದುದು. ಬಿಹಾರದ ಶೇಖ್ ದೀನ್ ಮಹಮ್ಮದನು 1814ರಲ್ಲಿ ಇಂಗ್ಲೆಂಡಿನ ಬ್ರೈಟನ್ನಿಗೆ ಹೋಗಿ ಸ್ನಾನಗೃಹವನ್ನು ತೆರೆದು ಅಲ್ಲಿಯವರಿಗೆ ಇದನ್ನು ರೂಢಿಮಾಡಿಸಿದನು. ಆಗ ಅದು ಅಂಗಮರ್ದನ; ತಲೆ ತೊಳೆಯುವ ದ್ರವವೆಂಬ ಅರ್ಥ ಅನಂತರದ್ದು.

ಮಾತುಗಳನ್ನು ನೋಡಿದರೂ ಈ ಎರಡು ಪದರಗಳು ತಿಳಿಯುತ್ತವೆ. ಸಾಬೂನು, ಸಬಕಾರ, ಸೋಪು ಎಲ್ಲವೂ ವ್ಯಾಪಾರದ ಜೊತೆಯಲ್ಲಿ ಬಂದುವು; ಮೀ, ಎರೆ, ತೊಳೆ, ಸೀಗೆ, ಬಚ್ಚಲು ಇವು ಮನೆಯ ಮಾತುಗಳು. ತಲೆಗೆ ಎರೆದುಕೊಂಡೆವೆಂದು ಈ ಭಾಗದ ಹೆಂಗಸರು ಇಂದಿಗೂ ಹೇಳುತ್ತಾರೆ, ಕೈಯಲ್ಲಿ ಶಾಂಪೂ ಇದ್ದರೂ ಸಹ. ನರಕ ಚತುರ್ದಶಿಯ ಮುಂಚಿನ ಸಂಜೆ ನೀರು ತುಂಬುವ ಹಬ್ಬದಂದು ಹಂಡೆಯನ್ನು ಬೆಳಗಿ, ಸುಣ್ಣ ಕೆಮ್ಮಣ್ಣು ಬಳಿದು, ಅದರ ಕೊರಳಿಗೆ ಹಿಂಡಲಿಯ ಬಳ್ಳಿಯನ್ನು ಸುತ್ತುವ ಪದ್ಧತಿಯಲ್ಲಿ ಬಚ್ಚಲಿಗೂ ಬಳ್ಳಿಗೂ ಇದ್ದ ಹಳೆಯ ನಂಟು ಉಳಿದುಕೊಂಡಿದೆ. ಬಾಣಂತಿಯ ಎರೆತದಲ್ಲಿಯೂ ಹಾಗೆಯೇ. ಅಲ್ಲಿ ಸೀಗೆಯ ಪುಡಿಯನ್ನು ಬಿಟ್ಟುಕೊಡಲು ಅನೇಕ ಮನೆಗಳು ಇನ್ನೂ ಒಪ್ಪಿಲ್ಲ.

ಈ ವಿಷಯದಲ್ಲಿ ಮುಂದೆ ಕೆಲಸ ಮಾಡುವ ವಿದ್ಯಾರ್ಥಿಗಳು ಮದ್ರಾಸಿನ ದಫ್ತರಖಾನೆಗೆ ಹೋಗುವ ಮೊದಲು ಊರುಗಳ ಹಿತ್ತಲುಗಳನ್ನು ಎಣಿಸಿಕೊಂಡು ಬರುವುದು ಲೇಸು: ಯಾವ ಮನೆಯಲ್ಲಿ ಯಾವ ಗಿಡ, ಕಡ್ಡಿ ಯಾವ ಊರಿನಿಂದ ಬಂದಿತು, ತಂದವರು ಯಾರು, ಎಲೆಯನ್ನು ಈಗಲೂ ಬಳಸುತ್ತಾರೆಯೇ ಎಂಬ ನಾಲ್ಕು ಪ್ರಶ್ನೆಗಳು ಸಾಕು. ದಾಸವಾಳವನ್ನು ಕೀಳುವವರು ಈಗಲೂ ಇದ್ದಾರೆ, ಆದರೆ ಹೂವಿಗಾಗಿ, ದೇವರ ಪೂಜೆಗಾಗಿ. ಎಲೆಯನ್ನು ಜಜ್ಜಿ ತಲೆಗೆ ಎರೆದುಕೊಂಡವರು ಬಹುಮಟ್ಟಿಗೆ ಎಪ್ಪತ್ತು ದಾಟಿದ್ದಾರೆ. ಬಚ್ಚಲು ಮನೆಯೊಳಕ್ಕೆ ಬಂದು ಅದರ ನೀರು ಬೀದಿಯ ಚರಂಡಿಗೆ ಹರಿದಲ್ಲೆಲ್ಲ ಗಿಡವು ಹಿತ್ತಲನ್ನು ಬಿಟ್ಟು ಅಂಗಳದ ಸಿಮೆಂಟಿನ ಕುಂಡವನ್ನು ಸೇರಿದೆ. ಅದಕ್ಕೆ ನೀರು ಈಗ ನಲ್ಲಿಯದು.